ಕಿಂಡಿ ಬಿಡಿಸಿದ ಮೇಸ್ತ್ರಿ

ಮಕ್ಕಳೇ, ಬಂಟ್ವಾಳದ ಮೇಸ್ತ್ರಿಗಳು ತೀರಿಕೊಂಡ ಸುದ್ದಿಯನ್ನು ನಿಮ್ಮ ಅಪ್ಪ ಅಂಗಳದಲ್ಲಿ ಪಿಕಪ್ಪಿಗೆ ಪ್ಲಾಸ್ಟಿಕ್ ಕುರ್ಚಿ ಹೇರುತ್ತಾ ಹೇಳಿದ. "ಅಮ್ಮಾ, ನಮ್ಮ ಗಾಡಿ ಕಟ್ಟಿದ ಮೇಸ್ತ್ರಿ ಹೋದರಂತೆ. ಎದೆನೋವು. ಉತ್ತರಕ್ರಿಯೆಗೆ ಶಾಮಿಯಾನ ನಮ್ಮದೇ." ನಾನು ಆಗ ಕಾಯಿ ತುರಿಯುತ್ತಿದ್ದೆ. ಅರ್ಧ ಹೋಳು ಆಗಿತ್ತು. ಉಳಿದ ಅರ್ಧವನ್ನೂ ತುರಿದು ಮುಗಿಸಿದೆ. ಆ ದಿನದ ಸಾಂಬಾರಿಗೆ ಉಪ್ಪು ಹಾಕಿದ ನೆನಪಿಲ್ಲ. ಊಟಕ್ಕೆ ಕೂತವರು ಯಾರೂ ಏನೂ ಹೇಳಲಿಲ್ಲ, ಹಾಗಾಗಿ ಹಾಕಿರಬೇಕು.

ಅಳು ಬರಲಿಲ್ಲ. ನಿಮ್ಮ ಅಜ್ಜ ಹೋದಾಗಲೂ ಬಂದಿರಲಿಲ್ಲ. ಬಂದವರು ನನ್ನ ಮುಖ ನೋಡಿ, ಇವಳಿಗೆ ಇನ್ನೂ ಗೊತ್ತಾಗಲಿಲ್ಲ ಎಂದು ತಮ್ಮತಮ್ಮೊಳಗೆ ಹೇಳಿಕೊಂಡರು. ಗೊತ್ತಾಗಿತ್ತು. ಒಳಗಿನದ್ದು ಹೊರಗೆ ಬರುವುದಿಲ್ಲ, ಅಷ್ಟೇ.

ನಾನು ಓದಿದ್ದು ಏಳನೇ ತರಗತಿ. ನಾಲ್ಕು ಜನರ ಎದುರು ಮಾತಾಡಲಿಕ್ಕೆ ನನ್ನಿಂದ ಆಗುವುದಿಲ್ಲ, ಅಂಗಡಿಯಲ್ಲಿ ಸಾಮಾನು ಕೇಳುವಾಗಲೂ ಎರಡು ಸಲ ಗಂಟಲು ಸರಿಮಾಡಿಕೊಳ್ಳುತ್ತೇನೆ. ಬರೆಯುವುದಾದರೆ ಸ್ವಲ್ಪ ಆಗುತ್ತದೆ. ಹಾಗಾಗಿ ನಿಮ್ಮ ಹಳೆಯ ನೋಟ್ಸ್ ಪುಸ್ತಕದ ಉಳಿದ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ಮೇಸ್ತ್ರಿಗಳ ಹೆಸರು ಬರೆಯುವುದಿಲ್ಲ. ಅವರನ್ನು ನಾನು ಒಮ್ಮೆಯೂ ಹೆಸರು ಹಿಡಿದು ಕರೆದವಳಲ್ಲ.

ಬಂಟ್ವಾಳದ ಮೇಸ್ತ್ರಿಯ ಕೆಲಸ ಒಂದು ವರ್ಷ ನಿಲ್ಲುವುದಿಲ್ಲ ಎಂಬ ಮಾತನ್ನು ನೀವೂ ಕೇಳಿದ್ದೀರಿ. ಅದು ಹೊರಟದ್ದು ನಮ್ಮ ಮನೆಯಿಂದ. ಅದು ಸುಳ್ಳು. ಸುಳ್ಳೆಂದು ಗೊತ್ತಿದ್ದವರು ಇಬ್ಬರೇ, ಅವರು ಮತ್ತು ನಾನು. ಅವರು ಹೇಳಲಿಲ್ಲ. ನಾನೂ ಹೇಳಲಿಲ್ಲ. ಅವರು ಹೇಳದೆ ಇದ್ದುದು ನನಗೋಸ್ಕರ, ನಾನು ಹೇಳದೆ ಇದ್ದುದೂ ನನಗೋಸ್ಕರವೇ. ಕೈಕೆಲಸದವನಿಗೆ ಇರುವ ಆಸ್ತಿ ಅವನ ಕೈಯ ಹೆಸರು ಒಂದೇ. ಅದನ್ನು ನಾನು ಆರು ವರ್ಷ ಮಣ್ಣಾಗಲು ಬಿಟ್ಟೆ.

ಮೊದಲು ಅವರು ಹೇಗಿದ್ದರು ಎಂದು ಹೇಳುತ್ತೇನೆ.

ಕುಳ್ಳಗಿನ ಜನ. ಕನ್ನಡಕದ ಒಂದು ಕಾಲು ಮುರಿದಿತ್ತು, ಅದಕ್ಕೆ ತಾಮ್ರದ ತಂತಿ ಸುತ್ತಿದ್ದರು. ಊರಿನ ಅರ್ಧ ಬಸ್ಸುಗಳಿಗೆ ಬಾಡಿ ಕಟ್ಟಿದವರು ತಮ್ಮ ಕನ್ನಡಕಕ್ಕೆ ಒಂದು ಕಾಲು ಹಾಕಿಸಿಕೊಳ್ಳಲಿಲ್ಲ. ಏನನ್ನು ಅಳೆಯುವುದಾದರೂ ಮೊದಲು ಗೇಣು ಹಾಕುತ್ತಿದ್ದರು, ಆಮೇಲೆ ಟೇಪು ಹಿಡಿಯುತ್ತಿದ್ದರು. ಎರಡೂ ಸರಿಯಾಗಿ ಹೊಂದಿಕೆಯಾದರೆ ಅವರಿಗೆ ಸಂಶಯ. "ಇಷ್ಟು ಸರಿ ಬರ್ಲಿಕ್ಕಿಲ್ಲ, ಎಲ್ಲೋ ತಪ್ಪಿದೆ" ಎಂದು ಮೂರನೇ ಸಲ ಅಳೆಯುತ್ತಿದ್ದರು. ಅಳತೆಗಳನ್ನು ಕಾಗದದಲ್ಲಿ ಬರೆಯುತ್ತಿರಲಿಲ್ಲ. ಕಿವಿಯ ಮೇಲಿನ ಪೆನ್ಸಿಲು ತೆಗೆದು ಗಾಡಿಯ ತಗಡಿನ ಮೇಲೆಯೇ ಬರೆದು, ಕೊನೆಗೆ ಅದರ ಮೇಲೆ ಬಣ್ಣ ಬಳಿಯುತ್ತಿದ್ದರು. ನಮ್ಮ ಗಾಡಿಯ ಬಣ್ಣ ಕೆರೆದರೆ ಒಳಗೆಲ್ಲ ಅವರ ಅಂಕೆಗಳು ಇರಬಹುದು.

ನಿಮ್ಮ ಅಜ್ಜ ಮೂಡುಬಿದಿರೆಯಿಂದ ಬಂಟ್ವಾಳಕ್ಕೂ ಬೆಳ್ತಂಗಡಿಗೂ ಖಾಸಗಿ ಬಸ್ಸು ಓಡಿಸಿದವರು. ಬಸ್ಸು ಬಿಟ್ಟ ಮೇಲೆ ಮನೆಯಲ್ಲಿ ಕೂತು ಅವರಿಗೆ ಅಭ್ಯಾಸ ಇರಲಿಲ್ಲ. ಒಂದು ದಿನ ಶಾಲೆಯೊಂದರ ಹಳೆಯ ಮಿನಿಬಸ್ಸನ್ನು ತೋಡಾರಿನ ನಮ್ಮ ಅಂಗಳಕ್ಕೆ ತಂದು ನಿಲ್ಲಿಸಿದರು. "ಇದನ್ನು ಮನೆಗಾಡಿ ಮಾಡಿಸ್ತೇನೆ. ಮಲಗ್ಲಿಕ್ಕೆ, ಅಡುಗೆಗೆ, ಎಲ್ಲದಕ್ಕೂ ಜಾಗ. ಕಕ್ಕಸು ಕೂಡಾ" ಎಂದರು. ನಾನು ನಾಚಿ ಒಳಗೆ ಹೋದೆ. ಕಕ್ಕಸು ಯಾಕೆಂದು ನನಗೆ ಗೊತ್ತಿತ್ತು. ಯಾವುದೇ ಪ್ರಯಾಣ ಹೊರಟರೂ ನಾನು ಹಿಂದಿನ ದಿನ ಸಂಜೆಯಿಂದ ನೀರು ಕುಡಿಯುತ್ತಿರಲಿಲ್ಲ. ಗಂಡಸರು ಎಲ್ಲಿ ಬೇಕಾದರೂ ಗಾಡಿ ನಿಲ್ಲಿಸಿಕೊಳ್ಳುತ್ತಾರೆ. ಮೂವತ್ತು ವರ್ಷ ಬಸ್ಸು ಓಡಿಸಿದವರು ಅದನ್ನು ಗಮನಿಸಿದ್ದರು ಎಂದು ನನಗೆ ಆವತ್ತು ಗೊತ್ತಾಯಿತು.

ಗಾಡಿಯನ್ನು ಬಂಟ್ವಾಳಕ್ಕೆ, ಮೇಸ್ತ್ರಿಗಳ ವರ್ಕ್‌ಶಾಪಿಗೆ ಒಯ್ದರು. ಮೇಸ್ತ್ರಿಗಳು ಅಂಥ ಗಾಡಿ ಮೊದಲು ಕಟ್ಟಿರಲಿಲ್ಲ. ಅಲ್ಲಿ ಅವರ ಮಗಳು ಮುಖಕ್ಕೆ ಗುರಾಣಿಯ ಹಾಗಿನ ಕಪ್ಪು ಕನ್ನಡಿ ಹಿಡಿದು ವೆಲ್ಡಿಂಗ್ ಮಾಡುತ್ತಿದ್ದಳು. ಮದುವೆಯಾಗಿ, ಗಂಡನನ್ನು ಬಿಟ್ಟು, ಮೂವತ್ತರ ಹತ್ತಿರ ಅಪ್ಪನ ಕೆಲಸ ಕಲಿತವಳು. ಹೆಣ್ಣು ವೆಲ್ಡಿಂಗ್ ಮಾಡುವುದನ್ನು ನಾನು ನೋಡಿದ್ದು ಅದೇ ಮೊದಲು.

ಕಕ್ಕಸಿನ ಎತ್ತರ ಎಷ್ಟಿರಬೇಕು ಎಂಬ ಪ್ರಶ್ನೆ ಬಂತು. ನಿಮ್ಮ ಅಜ್ಜ ಒಂದು ಹೇಳಿದರು. ಮೇಸ್ತ್ರಿಗಳು, "ಡ್ರೈವರ್ರೇ, ನಿಮ್ಮ ಕಾಲಿನ ಲೆಕ್ಕ ನನಗೆ ಬೇಡ. ಯಾರಿಗೆ ಮಾಡಿಸುವುದೋ ಅವರನ್ನು ಕೇಳುವ" ಎಂದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವರು ಒಂದು ಬಕೆಟ್ಟು ಕವುಚಿ ಇಟ್ಟು, ನನ್ನ ಕೈಗೆ ಸೀಮೆಸುಣ್ಣದ ತುಂಡು ಕೊಟ್ಟು, "ಅಕ್ಕ, ನೀವು ಒಳಗೆ ಹೋಗಿ ಕೂತು ನೋಡಿ. ಸರಿಯಾದ ಎತ್ತರ ಎಲ್ಲಿ ಅಂತ ಗೋಡೆಗೆ ಒಂದು ಗೆರೆ ಹಾಕಿ ಬನ್ನಿ. ನಾವು ಆಚೆ ಚಾ ಕುಡಿದು ಬರ್ತೇವೆ" ಎಂದು ನಿಮ್ಮ ಅಜ್ಜನನ್ನು ಎಳೆದುಕೊಂಡೇ ಹೋದರು. ನಾನು ಗೆರೆ ಹಾಕಿದೆ. ಅವರು ಬಂದು ಗೆರೆಯನ್ನು ನೋಡಿದರು, ನನ್ನನ್ನು ನೋಡಲಿಲ್ಲ. ಆ ಗೆರೆಗೇ ಸರಿಯಾಗಿ ಕೂರಿಸಿದರು.

ಕೆಳಗಿನ ಟ್ಯಾಂಕನ್ನೂ ಅವರೇ ವಿವರಿಸಿದರು. ಕಕ್ಕಸಿನದ್ದು ಒಂದು ಟ್ಯಾಂಕಿಗೆ ಬೀಳುತ್ತದೆ. ಟ್ಯಾಂಕಿನ ಅಡಿಯಲ್ಲಿ ಒಂದು ವಾಲ್ವು. ಅದರ ಹಿಡಿಯನ್ನು ಎಳೆದರೆ ಒಳಗಿನ ಹಲಗೆ ಪಕ್ಕಕ್ಕೆ ಸರಿಯುತ್ತದೆ, ಪೈಪು ಜೋಡಿಸಿ ಹೊಂಡಕ್ಕೆ ಬಿಡಬಹುದು. ಅವರು ಅದನ್ನು ಕಿಂಡಿ ಎನ್ನುತ್ತಿದ್ದರು. "ನಮ್ಮ ತೋಡಿನ ಕಿಂಡಿ ಅಣೆಕಟ್ಟಿಗೆ ಹಲಗೆ ಇಳಿಸ್ತಾರಲ್ಲ, ಅದೇ. ಅದು ನೀರಿಗೆ, ಇದು ಮತ್ತೊಂದಕ್ಕೆ. ಹಲಗೆ ಓಡುವ ಸಂದಿಯಲ್ಲಿ ಎಂತದ್ದೂ ಸೇರಬಾರದು, ಅಷ್ಟೆ." ನಿಮ್ಮ ಅಜ್ಜ ತಮಾಷೆಗೆ, "ಇಷ್ಟು ದೊಡ್ಡ ಮೇಸ್ತ್ರಿಗೆ ಕಡೆಗೆ ಇದೇ ಕೆಲಸ ಸಿಕ್ಕಿತಾ?" ಎಂದರು. ಮೇಸ್ತ್ರಿಗಳು ನಗಲಿಲ್ಲ. "ಒಳಗೆ ಬರ್ಲಿಕ್ಕೆ ಬಾಗಿಲು ಯಾರೂ ಇಡ್ತಾರೆ ಮಾರಾಯ್ರೇ. ಹೊರಗೆ ಹೋಗ್ಲಿಕ್ಕೆ ದಾರಿ ಇಡುವವ ಮೇಸ್ತ್ರಿ" ಎಂದರು.

ನಾವು ಮಾತಾಡಿದ್ದೆಲ್ಲ ತುಳುವಿನಲ್ಲಿ. ನೀವು ಶಾಲೆಯಲ್ಲಿ ಕಲಿತ ಭಾಷೆ ಇದೆಂದು ಕನ್ನಡದಲ್ಲಿ ಬರೆದಿದ್ದೇನೆ.

ಗಾಡಿಯಲ್ಲಿ ನಾವು ಹೋದದ್ದು ಮೂರೇ ತಿರುಗಾಟ. ಮೊದಲನೆಯದು ಹತ್ತಿರದ ನಾರಾವಿಗೆ, ಪರೀಕ್ಷೆಗೆಂದು. ನಾನು ದಾರಿಯುದ್ದಕ್ಕೂ ನೀರು ಕುಡಿದೆ. ಎರಡನೆಯದು ಕೇರಳದ ಕಡೆಗೆ. ಆ ಸಲ ಒಂದು ಬೆಳಿಗ್ಗೆ ನಿಮ್ಮ ಅಜ್ಜ ಕಕ್ಕಸಿನಿಂದ ಹೊರಗೆ ಬಂದ ಮೇಲೆ ನಾನು ಒಳಗೆ ಹೋದೆ. ಬೋಗುಣಿಯಲ್ಲಿ ರಕ್ತ ಇತ್ತು. ಸ್ವಲ್ಪ ಅಲ್ಲ.

ಕೇಳಿದೆ. "ಮೂಲವ್ಯಾಧಿ ಇರಬೇಕು" ಎಂದರು. ಮಾರನೆಯ ದಿನವೂ ಇತ್ತು. ಆಮೇಲೆ ಹೇಳಿದರು, ನಾಲ್ಕೈದು ವಾರದಿಂದ ಹೀಗೆಯೇ ಎಂದು. "ಮಗನಿಗೆ ಹೇಳಬೇಡ. ಅವನು ಆವತ್ತೇ ಆಸ್ಪತ್ರೆಗೆ ಎಳ್ಕೊಂಡು ಹೋಗ್ತಾನೆ, ಅಲ್ಲಿಗೆ ಗಾಡಿ ನಿಂತ ಹಾಗೇ. ಚಾರ್ಮಾಡಿ ಹತ್ತಿ ಆಚೆ ಒಂದು ಸಲ ಹೋಗಿ ಬರುವ. ಮತ್ತೆ ನೀನು ಹೇಳಿದಲ್ಲಿಗೆ ಬರ್ತೇನೆ." ನಾನು ಹೂಂ ಅಂದೆ. ಅವರು ಹೇಳಿದ್ದಕ್ಕೆ ನಾನು ಯಾವತ್ತೂ ಬೇರೆ ಹೇಳಿದವಳಲ್ಲ.

ಟ್ಯಾಂಕು ಖಾಲಿ ಮಾಡುವುದು ನಿಮ್ಮ ಅಪ್ಪನ ಕೆಲಸ. ಪೈಪಿನಲ್ಲಿ ಬರುವ ಬಣ್ಣ ಅವನಿಗೆ ಕಾಣುತ್ತದೆಂದು ನನಗೆ ಹೆದರಿಕೆ ಆಯಿತು. ನನ್ನ ಅಮ್ಮ ಗುಂಡಿ ಕಕ್ಕಸಿಗೆ ವಾಸನೆ ಬಾರದ ಹಾಗೆ, ಹುಳ ಆಗದ ಹಾಗೆ ಸುಣ್ಣ ಹಾಕುತ್ತಿದ್ದಳು. ವೀಳ್ಯಕ್ಕೆ ತಂದಿಟ್ಟ ಸುಣ್ಣ ಗಾಡಿಯಲ್ಲೇ ಇತ್ತು. ಎರಡು ಮುಷ್ಟಿ ನೀರಲ್ಲಿ ಕಲಸಿ ಹೊಯ್ದೆ. ಮನೆಗೆ ಬಂದು ನಿಮ್ಮ ಅಪ್ಪ ಕಿಂಡಿ ಎಳೆದಾಗ ಬಿಳಿಯಾಗಿ ಬಂತು. "ಎಂತ ಅಮ್ಮಾ ಇದು, ಮಜ್ಜಿಗೆಯ ಹಾಗೆ?" ಎಂದು ಕೇಳಿದ. "ಫಿನಾಯಿಲು" ಎಂದೆ. ಅವನು ನಂಬಿದ. ಸುಳ್ಳು ಹೇಳುವುದು ಅಷ್ಟು ಸುಲಭ ಎಂದು ನನಗೆ ಅಷ್ಟರವರೆಗೆ ಗೊತ್ತಿರಲಿಲ್ಲ.

ಮೂರನೇ ತಿರುಗಾಟಕ್ಕೆ ಹೊರಡುವಾಗ ನಾನು ರಕ್ತ ನೋಡಿ ಮೂರು ತಿಂಗಳು ಕಳೆದಿತ್ತು. ಈ ಸಲ ನಾನು ಸುಣ್ಣವನ್ನು ಮಡಕೆಯಲ್ಲೇ ತೆಗೆದುಕೊಂಡೆ. ಚಾರ್ಮಾಡಿ ಹತ್ತುವಾಗ ಅವರು ತಿರುವು ತಿರುವಿಗೂ ಹಾರ್ನ್ ಹೊಡೆದು ಖುಷಿಪಟ್ಟರು. ಆಚೆ ಎರಡು ದಿನ ಇದ್ದೆವು. ಮಡಕೆಯ ಸುಣ್ಣವೆಲ್ಲ ಮುಗಿಯಿತು. ಇಳಿದು ಬೆಳ್ತಂಗಡಿ ದಾಟುವಾಗ ಅವರು ಗಾಡಿಯನ್ನು ನಿಧಾನವಾಗಿ ಬದಿಗೆ ತೆಗೆದು, ಹ್ಯಾಂಡ್‌ಬ್ರೇಕ್ ಎಳೆದು, ಆಮೇಲೆ ಸ್ಟಿಯರಿಂಗಿಗೆ ತಲೆ ಇಟ್ಟರು. ಬ್ರೇಕ್ ಎಳೆಯುವುದನ್ನು ಮರೆಯಲಿಲ್ಲ. ಅಲ್ಲಿಂದ ನೇರ ಆಸ್ಪತ್ರೆಗೆ. ಡಾಕ್ಟರು, "ಎಷ್ಟು ಸಮಯದಿಂದ ಹೀಗೆ?" ಎಂದು ಕೇಳಿದರು. ನಿಮ್ಮ ಅಜ್ಜ, "ಮೊನ್ನೆಯಿಂದ" ಎಂದರು. ಮಂಚದ ಆ ಬದಿಯಲ್ಲಿ ನಿಮ್ಮ ಅಪ್ಪ ನಿಂತಿದ್ದ, ಈ ಬದಿಯಲ್ಲಿ ನಾನು. ನಾನು ಏನೂ ಹೇಳಲಿಲ್ಲ. ಆಮೇಲೆ ನಲವತ್ತು ದಿನ ಬದುಕಿದ್ದರು.

ಗಾಡಿಯನ್ನು ಯಾರೋ ತಂದು ಅಂಗಳದ ಮೂಲೆಯಲ್ಲಿ ನಿಲ್ಲಿಸಿದ್ದರು. ಖಾಲಿ ಮಾಡದ ಟ್ಯಾಂಕಿನ ನೆನಪು ಯಾರಿಗೂ ಇರಲಿಲ್ಲ. ನನಗಿತ್ತು. ಮಳೆಗಾಲ ಬಂತು, ಹೋಯಿತು. ವರ್ಷಾಂತದ ಕಾರ್ಯ ಮುಗಿದ ಮೇಲೆ ನಿಮ್ಮ ಅಪ್ಪ ಗಾಡಿಯನ್ನು ತನ್ನ ಶಾಮಿಯಾನದ ವ್ಯವಹಾರದ ಜೊತೆಗೆ ಬಾಡಿಗೆಗೆ ಬಿಡುತ್ತೇನೆಂದು ಹೊರಟ. ಪೈಪು ಜೋಡಿಸಿ ಕಿಂಡಿಯ ಹಿಡಿ ಎಳೆದ. ಬರಲಿಲ್ಲ. ಕಾಲು ಕೊಟ್ಟು ಎಳೆದ. ಹಿಡಿ ಸರಳಿನ ಸಮೇತ ಕೈಗೆ ಬಂತು, ಹಲಗೆ ಅಲ್ಲೇ ಇತ್ತು. ಸ್ವಚ್ಛ ಮಾಡುವ ಲಾರಿಯವರು ಬಂದು ನೋಡಿ, ಇದು ನಮ್ಮ ಪೈಪಿಗೆ ಹೊಂದುವುದಿಲ್ಲ ಎಂದು ಹೋದರು. ಮೂಡುಬಿದಿರೆಯ ಗ್ಯಾರೇಜಿನವನು ಮೂಗು ಹಿಡಿದುಕೊಂಡೇ ಮಾತಾಡಿ ಹೋದ. ನಿಮ್ಮ ಅಪ್ಪ ಮೇಸ್ತ್ರಿಗಳಿಗೆ ಫೋನು ಮಾಡಿ ಬೈದ. "ಎಂತ ಮೇಸ್ತ್ರಿಗಳೇ, ಒಂದು ವರ್ಷ ಬರ್ಲಿಲ್ಲ ನಿಮ್ಮ ಕಿಂಡಿ!"

ಅವರು ಮಾರನೆಯ ಬೆಳಿಗ್ಗೆ ಸ್ಕೂಟರಿನಲ್ಲಿ ಒಬ್ಬರೇ ಬಂದರು. ಗಾಡಿಗೆ ಒಂದು ಸುತ್ತು ಬಂದು, ಕೆಳಗೆ ಗೋಣಿ ಹಾಸಿ ಮಲಗಿ, ಸ್ಕ್ರೂಡ್ರೈವರಿನ ಒಂದು ತುದಿಯನ್ನು ವಾಲ್ವಿಗೂ ಇನ್ನೊಂದು ತುದಿಯನ್ನು ಕಿವಿಗೂ ಇಟ್ಟು, ಸುತ್ತಿಗೆಯಿಂದ ಟ್ಯಾಂಕಿಗೆ ಮೆಲ್ಲ ತಟ್ಟಿದರು.

"ಎಂತ ಹೇಳ್ತದೆ?" ಎಂದು ನಿಮ್ಮ ಅಪ್ಪ ಮೂಗಿಗೆ ಬೈರಾಸು ಕಟ್ಟಿಕೊಂಡು ದೂರದಿಂದ ಕೇಳಿದ.

"ತುಂಬಿದೆ ಅಂತ ಹೇಳ್ತದೆ."

"ಅದು ನನಗೂ ಗೊತ್ತುಂಟು, ಮೂಗು ಹೇಳ್ತದೆ. ಬೋಲ್ಟು ಬಿಚ್ಚಿ ತೆಗೀರಿ, ಆಯ್ತಲ್ಲ?"

"ಈಗ ಬೋಲ್ಟು ಬಿಚ್ಚಿದ್ರೆ ಇದ್ದದ್ದೆಲ್ಲ ನನ್ನ ಮುಖಕ್ಕೆ. ನೀವು ಅಡಿಯಲ್ಲಿ ಮಲಗ್ತೀರಾದ್ರೆ ಬಿಚ್ಚುವ."

ನಿಮ್ಮ ಅಪ್ಪ ಮತ್ತೂ ಎರಡು ಹೆಜ್ಜೆ ಹಿಂದೆ ಹೋದ. ಮೇಸ್ತ್ರಿಗಳು, "ನೀವು ಅಂಗಡಿಗೆ ಹೋಗಿ ಬನ್ನಿ. ಇದು ನಿಂತು ನೋಡುವ ಕೆಲಸ ಅಲ್ಲ" ಎಂದು ಕಳುಹಿಸಿದರು. ಅವನು ಹೋದ. ನಾನು ಇದ್ದೆ. ನೀರು ಕೊಡಲು ಒಬ್ಬರು ಬೇಕಿತ್ತು.

ಅವರು ಹಿತ್ತಲಲ್ಲಿ ತಾವೇ ಹೊಂಡ ತೋಡಿದರು. ಕಕ್ಕಸಿನ ಬೋಗುಣಿಯ ಮೂಲಕ ಟ್ಯಾಂಕಿಗೆ ಪೈಪು ಇಳಿಸಿ, ಕೈಪಂಪಿನಿಂದ ಮೇಲಿನ ದಾರಿಯಲ್ಲೇ ಎಳೆದು ಎಳೆದು ಹೊಂಡಕ್ಕೆ ಬಿಟ್ಟರು. ನಾನು ಬಿಸಿನೀರು ತಂದು ತಂದು ಕೊಟ್ಟೆ. ವಾಸನೆಯ ಬಗ್ಗೆ ನಾನು ಬರೆಯುವುದಿಲ್ಲ. ಅದು ನಿಮ್ಮ ಅಜ್ಜನ ಕೊನೆಯ ತಿರುಗಾಟದ್ದು. ಬೇರೆ ಯಾರೂ ಅದರ ಹತ್ತಿರ ಬರುವುದು ನನಗೆ ಬೇಡವಾಗಿತ್ತು, ನಾನೇ ಬಕೆಟ್ಟಿನಲ್ಲಿ ತೋಡಿ ಹಾಕಬೇಕು ಅನ್ನಿಸುತ್ತಿತ್ತು. ಅವರು ಒಂದು ಸಲವೂ ಮೂಗು ಮುಚ್ಚಿಕೊಳ್ಳಲಿಲ್ಲ, ಉಗುಳಲಿಲ್ಲ. ನಡುವೆ ಒಮ್ಮೆ, "ಅಕ್ಕ, ಡ್ರೈವರ್ರು ಚಾರ್ಮಾಡಿಗೆ ಹೋಗಿದ್ರಲ್ಲ? ಇಂಜಿನ್ ಹತ್ತಿತಾ?" ಎಂದು ಕೇಳಿದರು. "ಹತ್ತಿತು" ಎಂದೆ. "ಒಳ್ಳೇದಾಯ್ತು" ಎಂದು ಪಂಪು ಮಾಡಿದರು.

ಟ್ಯಾಂಕು ಖಾಲಿಯಾದ ಮೇಲೆ ಕೆಳಗೆ ಮಲಗಿ ನಾಲ್ಕು ಬೋಲ್ಟು ಬಿಚ್ಚಿ ಕಿಂಡಿಯನ್ನು ಹೊರಗೆ ತೆಗೆದರು. ಬಿಸಿಲಿಗೆ ಹಿಡಿದು ನೋಡಿದರು. ಹಲಗೆ ಓಡುವ ಸಂದಿಯಲ್ಲಿ ಬೆಳ್ಳಗೆ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಉಗುರಿನಲ್ಲಿ ಕೆರೆದರು. ಚಾಕುವಿನಲ್ಲಿ ಕೆರೆದರು. ಆಮೇಲೆ, "ಅಕ್ಕ, ಗಜಲಿಂಬೆ ಉಂಟಾ?" ಎಂದರು.

ಮರದಡಿಯಲ್ಲಿ ಬಿದ್ದದ್ದನ್ನೆಲ್ಲ ಆರಿಸಿ ತಂದೆ. ಅವರು ಹಳೆಯ ಪಾತ್ರೆಗೆ ಹಿಂಡಿ, ಬಿಸಿನೀರು ಬೆರೆಸಿ, ಕಿಂಡಿಯನ್ನು ಅದರಲ್ಲಿ ಮುಳುಗಿಸಿದರು. ಬುಸಬುಸ ಎಂದು ನೊರೆ ಎದ್ದಿತು. ಹುಳಿಗೆ ನೊರೆ ಬರುವುದು ಯಾವುದಕ್ಕೆ ಎಂದು ಅವರಿಗೆ ಗೊತ್ತಿತ್ತು. ನೆಲದಲ್ಲಿ ಚೆಲ್ಲಿದ ಸುಣ್ಣಕ್ಕೆ ಹುಳಿ ಬಿದ್ದರೆ ಹೇಗಾಗುತ್ತದೆಂದು ನನಗೂ ಗೊತ್ತಿತ್ತು. ಇಬ್ಬರೂ ನೊರೆ ನೋಡುತ್ತಾ ಕೂತೆವು.

"ಸುಣ್ಣ ಹಾಕಿದ್ದೀರಾ ಅಕ್ಕ?"

ನಾನು ಹೌದೆಂದು ತಲೆ ಆಡಿಸಿದೆ.

"ವಾಸನೆಗಾ?"

ನನಗೆ ಹೌದು ಎನ್ನಬಹುದಿತ್ತು. ಯಾಕೆ ಎನ್ನಲಿಲ್ಲವೋ ತಿಳಿಯದು. ಅವರು ಕೇಳಿದ ರೀತಿಯಲ್ಲಿ ತಪ್ಪು ಹುಡುಕುವ ಸ್ವರ ಇರಲಿಲ್ಲ, ಅಳತೆ ಕೇಳಿದ ಹಾಗಿತ್ತು. "ರಕ್ತ ಕಾಣದ ಹಾಗೆ" ಎಂದೆ. "ನನಗೆ ಮೂರು ತಿಂಗಳಿಂದ ಗೊತ್ತಿತ್ತು. ಮಗನಿಗೆ ಗೊತ್ತಾಗ್ಬಾರ್ದು ಅಂತ ಹೇಳಿದ್ರು." ಇಷ್ಟನ್ನು ನಾನು ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಹೇಳಿದ ಮೇಲೆ ಏನೂ ಆಗಲಿಲ್ಲ. ಎದೆ ಹಗುರವಾಯಿತು ಎಂದು ಜನ ಹೇಳುವುದನ್ನು ಕೇಳಿದ್ದೇನೆ, ನನಗೆ ಹಾಗೆ ಆಗಲಿಲ್ಲ.

ಅವರು ಕಿಂಡಿಯನ್ನು ಎತ್ತಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಸಂದಿಯನ್ನು ಉಜ್ಜಿದರು. ಮೂರು ಸಲ ಹುಳಿ ಬದಲಾಯಿಸಿದ ಮೇಲೆ ಹಲಗೆ ಸರಿಯಿತು. ರಬ್ಬರಿನ ಬಳೆಗಳೆರಡನ್ನೂ ಹೊಸದು ಹಾಕಿದರು. ನಾನು ತೆಂಗಿನೆಣ್ಣೆ ತರಲು ಎದ್ದೆ. "ಬೇಡ. ಎಣ್ಣೆ ಹಾಕಿದ್ರೆ ರಬ್ಬರ್ ಉಬ್ಬುತ್ತದೆ" ಎಂದು ತಮ್ಮ ಡಬ್ಬಿಯಿಂದ ಯಾವುದೋ ಬಿಳಿ ಗ್ರೀಸು ಸವರಿದರು. ಎಲ್ಲ ಜೋಡಿಸಿ ಹೊಸ ಸರಳು ಹಾಕಿದ ಮೇಲೆ, "ಎಳೀರಿ ನೋಡುವ" ಎಂದು ಹಿಡಿಯನ್ನು ನನಗೇ ಬಿಟ್ಟರು. ಒಂದೇ ಬೆರಳಿಗೆ ಬಂತು.

ಅಷ್ಟರಲ್ಲಿ ನಿಮ್ಮ ಅಪ್ಪ ಬಂದ. "ಆಯ್ತಾ? ಎಂತ ಆಗಿತ್ತು ಅದಕ್ಕೆ?"

ಮೇಸ್ತ್ರಿಗಳು ಮೊಣಕೈವರೆಗೆ ಸೋಪು ಹಚ್ಚಿ ತೊಳೆಯುತ್ತಿದ್ದರು. ತಲೆ ಎತ್ತಲಿಲ್ಲ. "ನನ್ನದೇ ತಪ್ಪು ಮಾರಾಯ್ರೇ. ಟ್ಯಾಂಕಿಗೆ ಇಳಿಜಾರು ಕಮ್ಮಿ ಆಗಿತ್ತು. ಕಿಂಡಿಯ ಹತ್ತಿರವೇ ನಿಂತು ಗಟ್ಟಿಯಾಗಿದೆ. ಈಗ ಸರಿ ಮಾಡಿದ್ದೇನೆ."

"ನಾನು ಆಗ್ಲೇ ಹೇಳಿದೆ!" ಎಂದ ನಿಮ್ಮ ಅಪ್ಪ. "ಅಮ್ಮಾ, ನಾನು ಹೇಳಿದ್ದಲ್ವಾ?"

ನಾನು ಪಾತ್ರೆಯ ಹುಳಿನೀರನ್ನು ಬಾಳೆಯ ಬುಡಕ್ಕೆ ಚೆಲ್ಲಿದೆ.

ಇಳಿಜಾರು ಸರಿಯಾಗಿಯೇ ಇತ್ತು. ಅದನ್ನು ಅವರು ಮೂರು ಸಲ ಅಳೆದದ್ದನ್ನು ನಾನೇ ನೋಡಿದ್ದೆ. ಚಾ ಕೊಟ್ಟೆ. ಕುಡಿದು, ಲೋಟವನ್ನು ತಾವೇ ತೊಳೆದು ಜಗಲಿಯಲ್ಲಿ ಕವುಚಿ ಇಟ್ಟು ಹೋದರು.

ನಿಮ್ಮ ಅಪ್ಪ ಕೆಟ್ಟವನಲ್ಲ. ಬಾಯಿ ದೊಡ್ಡದು. ಮದುವೆ, ಮುಂಜಿ, ಉತ್ತರಕ್ರಿಯೆ ಎಂದು ಪುತ್ತಿಗೆಯಿಂದ ಬೆಳ್ತಂಗಡಿವರೆಗೆ ಎಲ್ಲ ಮನೆಗಳ ಅಂಗಳದಲ್ಲಿ ಅವನ ಕಂಬ ನಿಲ್ಲುತ್ತದೆ, ಅವನ ಮಾತೂ ನಿಲ್ಲುತ್ತದೆ. ಅವನು ನಗೆಗೆಂದು ಹೇಳಿದ ಕಥೆ ಅದು. ಜನ ನಕ್ಕರು. ನಾರಾವಿಯ ಒಬ್ಬರು ಜೈನರು, ಬಸದಿಗಳನ್ನು ನೋಡಲು ದೂರದಿಂದ ಬರುವವರಿಗಾಗಿ ಅಂಥದ್ದೇ ಎರಡು ಗಾಡಿ ಕಟ್ಟಿಸಲು ಮೇಸ್ತ್ರಿಗಳೊಂದಿಗೆ ಮಾತಾಡಿದ್ದರು. ಕಥೆ ಕೇಳಿದ ಮೇಲೆ ಬೇರೆ ಊರಲ್ಲಿ ಕಟ್ಟಿಸಿದರು. ಮೇಸ್ತ್ರಿಗಳು ಮತ್ತೆ ಹಳೆಯ ಬಸ್ಸುಗಳ ತುಕ್ಕು ತಗಡು ಬದಲಾಯಿಸುವ ಕೆಲಸಕ್ಕೆ ಹೋದರು. ನನಗೆ ಎಲ್ಲವೂ ಗೊತ್ತಾಗುತ್ತಿತ್ತು. ಹೇಳಿದರೆ ಸುಣ್ಣ ಯಾಕೆ ಎಂದು ಕೇಳುತ್ತಾರೆ. ಅದಕ್ಕೆ ಉತ್ತರ ಕೊಟ್ಟರೆ ಮೂರು ತಿಂಗಳು ಯಾಕೆ ಸುಮ್ಮನಿದ್ದೆ ಎಂದು ನಿಮ್ಮ ಅಪ್ಪ ಕೇಳುತ್ತಾನೆ. ಅಲ್ಲಿಗೆ ಬಂದು ನನ್ನ ನಾಲಿಗೆ ನಿಲ್ಲುತ್ತಿತ್ತು.

ಆಮೇಲೆ ಅವರನ್ನು ನೋಡಿದ್ದು ಒಂದೇ ಸಲ, ಮೂಡುಬಿದಿರೆಯಲ್ಲಿ ಒಂದು ಮದುವೆಯಲ್ಲಿ. ಹೆಂಗಸರ ಸಾಲಿನ ಹತ್ತಿರ ಬಂದು, "ಅಕ್ಕ, ಗಾಡಿ ಹೇಗುಂಟು?" ಎಂದರು. ಮಾರಿಬಿಟ್ಟೆವು ಎಂದೆ. "ಕಿಂಡಿ?" ಎಂದರು. "ಮಾರುವವರೆಗೂ ಒಳ್ಳೆದಿತ್ತು" ಎಂದೆ. ಬಾಯಿಯ ತುದಿಯವರೆಗೆ ಬಂದ ಬೇರೆ ಮಾತು ಇತ್ತು. ಅವರಿಗೂ ಅದು ಕಂಡಿರಬೇಕು. "ಪಾಯಸ ತಗೊಂಡ್ರಾ? ಕಡ್ಲೆಬೇಳೆಯದ್ದು. ಬಿಡ್ಬೇಡಿ" ಎಂದು ಹೇಳಿ ಹೋದರು.

ಇನ್ನು ಉತ್ತರಕ್ರಿಯೆಯ ದಿನದ್ದು. ನಾನು ನಿಮ್ಮ ಅಪ್ಪನೊಂದಿಗೆ ಪಿಕಪ್ಪಿನಲ್ಲೇ ಹೋದೆ. ವರ್ಕ್‌ಶಾಪಿನ ಅಂಗಳದಲ್ಲೇ ಶಾಮಿಯಾನ. ಫೋಟೋದಲ್ಲಿ ಅವರ ಕನ್ನಡಕಕ್ಕೆ ಎರಡೂ ಕಾಲು ಇತ್ತು, ಹಳೆಯ ಫೋಟೋ ಇರಬೇಕು. ಮಗಳು ಬಂದವರನ್ನು ಕೂರಿಸುತ್ತಿದ್ದಳು. ವರ್ಕ್‌ಶಾಪನ್ನು ಅವಳೇ ನಡೆಸುತ್ತಾಳೆ ಎಂದು ಹೆಂಗಸರು ಮಾತಾಡಿಕೊಂಡರು. ಊಟದ ಎಲೆ ಹಾಕುವ ಮೊದಲು ಗಂಡಸರು ಕೆಲವರು ಕಂಬದ ಹತ್ತಿರ ನಿಂತಿದ್ದರು. ಅವರಲ್ಲಿ ನಾರಾವಿಯವರೂ ಇದ್ದರು. "ಆ ಹುಡುಗಿಗೆ ಒಂದು ಕೆಲಸ ಕೊಡುವ ಅಂತ ಉಂಟು. ನನ್ನ ಒಂದು ಗಾಡಿಗೆ ಒಳಗೆಲ್ಲ ಹೊಸತು ಮಾಡಿಸ್ಬೇಕು. ಕೆಲಸ ಹೇಗೋ?" ಎಂದು ಅವರು ಕೇಳಿದರು.

ನಿಮ್ಮ ಅಪ್ಪ ಹೇಳಿದ, "ಜನ ಚಿನ್ನದಂಥವರು ಮಾರಾಯ್ರೇ. ಆದ್ರೆ ಕೈ ಹೇಳುದು ಬೇಡ. ನಮ್ಮ ಕಿಂಡಿಯ ಕಥೆ ಗೊತ್ತುಂಟಲ್ಲ? ಮಗಳೂ ಅದೇ ಕೈ ಕಲಿತದ್ದು."

ಯಾರೋ ನಕ್ಕರು. ಮಗಳು ನೀರಿನ ಲೋಟಗಳ ತಟ್ಟೆ ಹಿಡಿದು ಹಿಂದೆಯೇ ನಿಂತಿದ್ದಳು. ಅವಳು ಕೇಳಿದ್ದು ನನಗೆ ಕಂಡಿತು. ಅವಳ ತಟ್ಟೆ ಅಲುಗಲಿಲ್ಲ, ಮುಖವೂ ಅಲುಗಲಿಲ್ಲ.

ನಾನು ಕುರ್ಚಿಯಿಂದ ಎದ್ದೆ. ಗಂಡಸರ ನಡುವೆ ಹೋಗಿ ನಿಂತೆ. ಹಾಗೆ ಹೋಗಿ ನಿಂತದ್ದು ನನ್ನ ಜೀವಮಾನದಲ್ಲಿ ಇಲ್ಲ. "ಅದು ಅವರ ತಪ್ಪಲ್ಲ" ಎಂದೆ. ಸ್ವರ ಸಣ್ಣದಾಗಿ ಬಂತು, ಮತ್ತೊಮ್ಮೆ ಹೇಳಿದೆ. "ಟ್ಯಾಂಕಿಗೆ ನಾನು ಸುಣ್ಣ ಹಾಕಿದ್ದೆ. ಒಂದು ಮಡಕೆ. ಅದು ಕಲ್ಲಾಗಿ ಹಲಗೆ ಕಚ್ಚಿದ್ದು. ಅವರಿಗೆ ಗೊತ್ತಿತ್ತು. ನನ್ನ ಮಾನ ಹೋಗ್ಬಾರ್ದು ಅಂತ ತಮ್ಮ ಮೇಲೆ ಹಾಕ್ಕೊಂಡ್ರು. ಅವರ ಕೆಲಸದಲ್ಲಿ ಒಂದು ನೂಲು ಹೆಚ್ಚುಕಮ್ಮಿ ಇರ್ಲಿಲ್ಲ."

"ಅಮ್ಮಾ, ಎಂತ ಇದು? ಸುಣ್ಣ ಯಾಕೆ?" ಎಂದ ನಿಮ್ಮ ಅಪ್ಪ.

"ವಾಸನೆಗೆ" ಎಂದೆ. ಅಲ್ಲಿಗೆ ಅಷ್ಟು ಸಾಕಿತ್ತು.

ನಾರಾವಿಯವರು ಮಗಳ ಕಡೆಗೆ ತಿರುಗಿದರು. ನಾನು ಹೋಗಿ ನನ್ನ ಕುರ್ಚಿಯಲ್ಲಿ ಕೂತೆ. ಬಡಿಸುವಾಗ ಮಗಳು ನನ್ನ ಎಲೆಯ ಮುಂದೆ ಬಂದು ಸ್ವಲ್ಪ ಹೆಚ್ಚೇ ಅನ್ನ ಹಾಕಿದಳು. ಅಷ್ಟನ್ನೂ ಊಟ ಮಾಡಿದೆ.

ಹಿಂದೆ ಬರುವಾಗ ನಿಮ್ಮ ಅಪ್ಪ ಪಿಕಪ್ಪು ಓಡಿಸುತ್ತಿದ್ದ. ಹಿಂದೆ ಕುರ್ಚಿಗಳು ಸದ್ದು ಮಾಡುತ್ತಿದ್ದವು. ಅರ್ಧ ದಾರಿಯಲ್ಲಿ ಕೇಳಿದ, "ಅಮ್ಮಾ, ವಾಸನೆಗೆ ಒಂದು ಮಡಕೆ ಸುಣ್ಣ ಬೇಕಾ?"

ಹೇಳಿದೆ. ರಕ್ತ ನೋಡಿದ್ದು, ಅಜ್ಜ ಹೇಳಿದ್ದು, ಫಿನಾಯಿಲು ಎಂದದ್ದು, ಡಾಕ್ಟರ ಎದುರು ಸುಮ್ಮನೆ ನಿಂತದ್ದು. ಅವನು ಪಿಕಪ್ಪನ್ನು ಬದಿಗೆ ನಿಲ್ಲಿಸಿದ.

"ಅಪ್ಪ ಹೇಳ್ಬೇಡ ಅಂದ್ರಾ?"

"ಹೌದು."

"ನೀನು ಹೇಳ್ಬಹುದಿತ್ತು."

"ಹೌದು."

"ಮೂರು ತಿಂಗಳು, ಅಮ್ಮಾ."

"ಹೌದು" ಎಂದೆ. ಅವನು ಸ್ಟಿಯರಿಂಗ್ ಹಿಡಿದು ಎದುರಿನ ರಸ್ತೆಯನ್ನೇ ನೋಡುತ್ತಿದ್ದ. ಒಂದು ಬಸ್ಸು ಹಾದುಹೋಯಿತು. ಆಮೇಲೆ ಗಾಡಿ ಸ್ಟಾರ್ಟ್ ಮಾಡಿದ.

ಮಾರನೆಯ ದಿನ ಬೆಳಿಗ್ಗೆ ಅಂಗಳದಲ್ಲಿ ನಿಂತು ಒಬ್ಬೊಬ್ಬರಿಗೇ ಫೋನು ಮಾಡಿದ, ಅವನ ಎಂದಿನ ದೊಡ್ಡ ಸ್ವರದಲ್ಲಿ. "ನಮ್ಮ ಮನೆಯದ್ದೇ ತಪ್ಪು ಮಾರಾಯ. ಮೇಸ್ತ್ರಿ ಕೆಲಸ ಕಲ್ಲಿನ ಹಾಗೆ ಇತ್ತು. ಹೌದು, ನಾನೇ ಹೇಳಿದ್ದು, ಈಗ ನಾನೇ ಅಲ್ಲ ಅಂತ ಹೇಳ್ತಾ ಇದ್ದೇನಲ್ಲ." ಯಾಕೆ, ಹೇಗೆ ಎಂದು ಯಾರಿಗೂ ಬಿಡಿಸಲಿಲ್ಲ. ನಾರಾವಿಯವರ ಗಾಡಿ ಈಗ ಬಂಟ್ವಾಳದಲ್ಲಿ, ಆ ಮಗಳ ಕೈಯಲ್ಲಿ ಉಂಟು ಎಂದು ಕೇಳಿದ್ದೇನೆ.

ನನ್ನೊಡನೆ ಅವನು ಮಾತಾಡಿ ಇಪ್ಪತ್ತು ದಿನ ಆಯಿತು. ಊಟಕ್ಕೆ ಕೂರುತ್ತಾನೆ, ಬಡಿಸಿದ್ದನ್ನು ಉಣ್ಣುತ್ತಾನೆ, ಏಳುತ್ತಾನೆ. ಅಪ್ಪ ಯಾಕೆ ಅಜ್ಜಿಯ ಹತ್ತಿರ ಮಾತಾಡುವುದಿಲ್ಲ ಎಂದು ನೀವು ಮೊನ್ನೆ ಕೇಳಿದಿರಿ. ನಾನು ಮೊಸರು ಬಡಿಸಿ ಒಳಗೆ ಹೋದೆ. ಬಾಯಿಯಲ್ಲಿ ಹೇಳಲು ಆಗಲಿಲ್ಲ, ಅದಕ್ಕೆ ಇಷ್ಟು ಬರೆದೆ. ಅವನನ್ನು ಕೇಳಬೇಡಿ. ಅವನು ಮಾಡುತ್ತಿರುವುದು ತಪ್ಪಲ್ಲ.